ಯಾವ ಸುಮ್ಮನೆ?

"ಇದು ನಾನಲ್ಲ."

ಸಮತಾ ಹೇಳಿದ್ದು ಎರಡೇ ಪದ. ಆದರೆ ಅವಳ ಗಂಟಲಿಗೆ ಗಾಜಿನ ಬಾಗಿಲು ಯಾವ ಲೆಕ್ಕ? ಆಚೆ ಸ್ಕೂಟರ್ ನೋಡಲು ಬಂದಿದ್ದ ದಂಪತಿ, ಅವರಿಗೆ ಮೈಲೇಜಿನ ಪಾಠ ಹೇಳುತ್ತಿದ್ದ ವೀಣಾ, ನೆಲ ಒರೆಸುತ್ತಿದ್ದ ದ್ಯಾಮಮ್ಮ, ಎಲ್ಲರೂ ತಿರುಗಿ ನೋಡಿದರು.

ಒಳಗೆ ಮೇಜಿನ ಹಿಂದೆ ಕೂತಿದ್ದ ಯುವಕ ಮಾತ್ರ ಗಾಬರಿಯಾಗಲಿಲ್ಲ. ಅವಳು ಕುಕ್ಕಿದ ಕಾಗದವನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಬಿಗಿದು ಕಟ್ಟಿದ ಜಡೆ, ಶೋರೂಮಿನ ನೀಲಿ ಕೋಟು, ಕೋಪದಲ್ಲೂ ನೀರು ತುಂಬಿಕೊಂಡ ಕಣ್ಣು... ಆ ಕಣ್ಣು ನೋಡಿದ್ದೇ, ಹೇಳಬೇಕೆಂದುಕೊಂಡಿದ್ದ ಮಾತೆಲ್ಲ ಅವನಿಗೆ ಮರೆತುಹೋಯಿತು.

ಅವನ ತುಟಿ ಅಲುಗಿತು. ದನಿ ಕೇಳಿಸಲಿಲ್ಲ.

"ಏನಂದ್ರಿ? ಜೋರಾಗಿ ಹೇಳಿ."

"ಸುಮ್ನೆ ಕೂತ್ಕೊಳ್ಳಿ ಅಂದೆ."

ಸಮತಾಳ ಕಿವಿ ಬಿಸಿಯಾಯಿತು. ಬಾಯಿ ಮುಚ್ಚು ಅನ್ನುತ್ತಿದ್ದಾನಲ್ಲ ಇವನು... ಪರಿಚಯವಿಲ್ಲ, ಏನಿಲ್ಲ, ನೇರ ಬಾಯಿ ಮುಚ್ಚು ಅಂತ!

"ನೀವೇ ಕೂತ್ಕೊಳ್ಳಿ ಸುಮ್ನೆ. ನಂಗೆ ಕೆಲ್ಸ ಇದೆ," ಎಂದವಳೇ ಕಾಗದ ಎಳೆದುಕೊಂಡು ಹೊರಟುಬಿಟ್ಟಳು. ಬಾಗಿಲು ಅವಳ ಹಿಂದೆ ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇತ್ತು.

ಪಾಪ, ಅವನು ಹೇಳಿದ್ದು ಅದಲ್ಲ. ಒಂದು ಗಳಿಗೆ ಆರಾಮಾಗಿ ಕೂತುಕೊಳ್ಳಿ, ನೀರು ಕುಡಿಯಿರಿ, ಆಮೇಲೆ ಮಾತಾಡೋಣ ಅನ್ನುವುದನ್ನು ಅವರ ಮನೆಯಲ್ಲಿ ಹಾಗೆಯೇ ಹೇಳುತ್ತಾರೆ. ಅವನು ಹೇಳಿದ ಸುಮ್ನೆ ಬೇರೆ, ಅವಳು ಕೇಳಿಸಿಕೊಂಡ ಸುಮ್ನೆ ಬೇರೆ. ಈ ಇಬ್ಬರೂ ಮುಂದೆ ಪಟ್ಟ ಪಾಡಿಗೆಲ್ಲ ಈ ಒಂದು ಪದವೇ ಕಾರಣ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಅವನ ಹೆಸರು ಲೋಹಿತ್. ಶಿವಮೊಗ್ಗದ ಕೋಟೆ ಏರಿಯಾದ ಹುಡುಗ. ಮನಶ್ಶಾಸ್ತ್ರ ಓದಿಕೊಂಡಿದ್ದ. ಕಾಲೇಜುಗಳಿಗೆ, ಅಂಗಡಿಗಳಿಗೆ, ಕಚೇರಿಗಳಿಗೆ ಹೋಗಿ, ಯಾರ ಸ್ವಭಾವಕ್ಕೆ ಯಾವ ಕೆಲಸ ಒಗ್ಗುತ್ತದೆ ಎಂದು ಪರೀಕ್ಷೆ ಮಾಡಿ ಹೇಳುವುದು ಅವನ ಉದ್ಯೋಗ. ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ಅವನೇ ಕೂತು ಕನ್ನಡಕ್ಕೆ ತಂದಿದ್ದ. ತುಂಬಾ ಸಹಜವಾಗಿ ಬಂದಿದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಶೋರೂಮಿನ ಮಾಲೀಕ ರಾಮಚಂದ್ರಪ್ಪನವರು ಅವನನ್ನು ಕರೆಸಲು ಕಾರಣ, ದಾವಣಗೆರೆಯಲ್ಲಿ ಅವರು ತೆರೆಯಲಿದ್ದ ಹೊಸ ಶಾಖೆ. ಅದಕ್ಕೊಬ್ಬ ಮ್ಯಾನೇಜರ್ ಬೇಕು. ಮಗಳ ಮದುವೆಗೆ ಜಾತಕ ನೋಡಿ ಸಾಕಾಗಿದೆ, ಕೆಲಸಕ್ಕಾದರೂ ಸೈನ್ಸ್ ನೋಡೋಣ ಎಂದು ಎಲ್ಲರನ್ನೂ ಪರೀಕ್ಷೆಗೆ ಕೂರಿಸಿದ್ದರು. ಸಮತಾಳ ಫಲಿತಾಂಶ ಹೀಗಿತ್ತು: 'ನೀವು ಬಹಿರ್ಮುಖಿ. ಜನರ ನಡುವೆ, ಮಾತಿನ ನಡುವೆ ಅರಳುವವರು. ಏಕಾಂತ ನಿಮ್ಮನ್ನು ದಣಿಸುತ್ತದೆ. ಮಾರಾಟ ಮತ್ತು ಮುಂದಾಳತ್ವ ನಿಮಗೆ ಹೇಳಿ ಮಾಡಿಸಿದ ಕೆಲಸ.'

ರಾಮಚಂದ್ರಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಶೋರೂಮಿನವರೆಲ್ಲ ನಾವು ಮೊದಲೇ ಹೇಳಿರಲಿಲ್ಲವಾ ಎಂದರು.

ಸಮತಾ ಮಾತ್ರ ಆ ಸಂಜೆ ರೈಲಿನ ಕಿಟಕಿಯ ಪಕ್ಕ ಕೂತು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದಳು. ಅದರಲ್ಲಿ ಸುಳ್ಳು ಎನ್ನುವಂಥದ್ದು ಏನೂ ಇಲ್ಲ. ಜೋರು ದನಿ, ಹೌದು. ಜನರ ಜೊತೆ ಮಾತು, ಹೌದು. ಗಾಡಿ ಮಾರುತ್ತೇನೆ, ಹೌದು. ಎಲ್ಲ ಇದೆ. ನಾನೊಬ್ಬಳೇ ಇಲ್ಲವಲ್ಲ ಇದರಲ್ಲಿ...

ಏಕಾಂತ ನಿಮ್ಮನ್ನು ದಣಿಸುತ್ತದೆಯಂತೆ! ಶಿವಮೊಗ್ಗದಿಂದ ಭದ್ರಾವತಿಗೆ ಬರುವ ಈ ರೈಲೇ ಅವಳ ದಿನದ ಅತ್ಯಂತ ಸುಖದ ಹೊತ್ತು. ಯಾರೊಂದಿಗೂ ಮಾತಾಡಬೇಕಾಗಿಲ್ಲ. ಹೊರಗೆ ಸಂಜೆಯ ಬೆಳಕು ಗದ್ದೆಯ ನೀರಿನ ಮೇಲೆ ಜೊತೆಯಲ್ಲೇ ಓಡಿ ಬರುತ್ತದೆ. ಬೋಗಿಯ ತೂಗಾಟಕ್ಕೆ ಕಣ್ಣು ಅರೆ ಮುಚ್ಚುತ್ತದೆ. ಇಡೀ ದಿನ ಗಂಟಲು ಕೆಲಸ ಮಾಡಿದ ಮೇಲೆ ಒಳಗಿನವಳು ಮೆಲ್ಲಗೆ ಎದ್ದು ಬಂದು ಕಿಟಕಿಯ ಬಳಿ ಕೂರುತ್ತಾಳೆ. ಅವಳನ್ನು ಆ ಕಾಗದ ನೋಡಿಯೇ ಇರಲಿಲ್ಲ.

ಹಾಗಾದರೆ ಆ ಜೋರು ದನಿ? ಅದು ಅಪ್ಪನದು.

ಕಾಂತರಾಜ್ ತಮ್ಮ ಪ್ರಾಯವನ್ನೆಲ್ಲ ಭದ್ರಾವತಿಯ ಕಾರ್ಖಾನೆಯ ಯಂತ್ರಗಳ ಸದ್ದಿನ ಪಕ್ಕ ಕಳೆದವರು. ಸಮತಾ ಮಾತು ಕಲಿಯುವ ಹೊತ್ತಿಗೆ ಅವರ ಕಿವಿ ಮಂದವಾಗಿತ್ತು. ನ್ಯೂ ಟೌನಿನ ಆ ಕ್ವಾರ್ಟರ್ಸ್ ಮನೆಯಲ್ಲಿ ಉಪ್ಪು ಕೊಡಿ ಅನ್ನುವುದನ್ನೂ ಕೂಗಿಯೇ ಹೇಳಬೇಕು. ಮುದ್ದು ಮಾಡುವಾಗಲೂ ಜಗಳದ ದನಿ. ಮಗುವಾಗಿದ್ದಾಗ 'ಅಪ್ಪಾ' ಎಂದು ಮೆಲ್ಲಗೆ ಕರೆದರೆ ಅವರು ತಿರುಗುತ್ತಿರಲಿಲ್ಲ, ಜೋರಾಗಿ ಕರೆದರೆ ನಗುತ್ತಾ ತಿರುಗುತ್ತಿದ್ದರು. ಪುಟ್ಟ ಹುಡುಗಿ ಕಲಿತುಬಿಟ್ಟಳು.

ಅವರಿಗೊಂದು ಶ್ರವಣಯಂತ್ರವನ್ನೂ ಕೊಡಿಸಿದ್ದಳು. ಅದು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲೇ ಉಳಿದಿತ್ತು. ಬದುಕಿಡೀ ಮಿಷನ್ ಸದ್ದು ಕೇಳಿದೀನಿ, ಈಗ ಕಿವಿಯೊಳಗೂ ಒಂದು ಮಿಷನ್ ಬೇಕಾ ಎನ್ನುವುದು ಅವರ ವಾದ.

ಅಪ್ಪನ ಕಿವಿ ಪರೀಕ್ಷೆಗೆಂದು ಶಿವಮೊಗ್ಗದ ಕ್ಲಿನಿಕ್ಕಿಗೆ ಹೋದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಸದ್ದು ಒಳಬಾರದ ಒಂದು ಪುಟ್ಟ ಕೋಣೆ. ಅಪ್ಪನ ಜೊತೆ ಒಳಗೆ ಕೂತಾಗ ಮೊದಲ ಬಾರಿಗೆ ಅವಳಿಗೆ ತನ್ನ ಉಸಿರಿನ ಸದ್ದು ಕೇಳಿಸಿತ್ತು. ಗಾಜಿನಾಚೆ ಒಬ್ಬ ಹೆಂಗಸು ಗುಂಡಿಯೊತ್ತಿ ಕಿವಿಗೆ ಸಣ್ಣ ಸಣ್ಣ ಸ್ವರ ಕಳಿಸುತ್ತಿದ್ದಳು. ಕೇಳಿಸಿದಾಗ ಅಪ್ಪ ಬೆರಳೆತ್ತಬೇಕು. ತೀರಾ ಸಣ್ಣ ಸ್ವರವೊಂದಕ್ಕೂ ಅಪ್ಪನ ಬೆರಳು ಅನುಮಾನಿಸುತ್ತಾ ಮೇಲೆದ್ದಿತು. ಈ ಕೆಲಸ ಮಾಡಲು ಏನು ಓದಬೇಕು ಎಂದು ಆ ಹೆಂಗಸನ್ನು ಕೇಳಿಯೂ ಬಿಟ್ಟಳು. ಒಂದು ಕೋರ್ಸ್ ಇದೆ, ನಮಗೂ ಸಹಾಯಕ್ಕೆ ಜನ ಬೇಕು, ಬನ್ನಿ ಎಂದಿದ್ದಳು ಆಕೆ. ಆಮೇಲೆ ಸಮತಾ ಅದನ್ನು ಕನಸಿನ ಹಾಗೆ ಮಡಿಚಿಟ್ಟಳು. ಬಾಯಿಬಡುಕಿಗೆ ಯಾರು ಕೊಡುತ್ತಾರೆ ಅಂಥ ಮೌನದ ಕೆಲಸ?

*

ಮರುವಾರದ ಒಂದು ಸಂಜೆ, ಅದೇ ರೈಲಿನಲ್ಲಿ ಅವಳ ಎದುರಿಗೆ ಲೋಹಿತ್ ಬಂದು ಕೂತ.

ಭದ್ರಾವತಿಯ ಕಾಲೇಜೊಂದರಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡಿಸುವ ಕೆಲಸ ಸಿಕ್ಕಿತ್ತು ಅವನಿಗೆ. ಸಂಜೆಯ ತರಗತಿ. ಅವಳನ್ನು ಕಂಡು ಏಳಲೋ ಕೂರಲೋ ತಿಳಿಯದೆ ಒದ್ದಾಡಿದ.

"ಅವತ್ತು ನಾನು..." ಎಂದು ಶುರು ಮಾಡಿದ.

"ಟ್ರೈನಲ್ಲಿ ನಾನು ಮಾತಾಡಲ್ಲ," ಎಂದಳು ಸಮತಾ.

ಬೇರೆಯವರಾಗಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಅವನು ತಲೆಯಾಡಿಸಿ, ನಿಜವಾಗಿಯೂ ಬಾಯಿ ಮುಚ್ಚಿ ಕೂತ. ಫೋನ್ ತೆಗೆಯಲಿಲ್ಲ. ಅವಳನ್ನು ನೋಡಲೂ ಇಲ್ಲ. ಅವಳು ನೋಡುತ್ತಿದ್ದ ಕಡೆಗೇ ನೋಡುತ್ತಾ ಕೂತ. ಹೊರಗೆ ಬೆಳ್ಳಕ್ಕಿಗಳ ಹಿಂಡೊಂದು ಗದ್ದೆಯಿಂದ ಎದ್ದು ರೈಲಿನ ಜೊತೆ ಸ್ವಲ್ಪ ದೂರ ಬಂದು ಹಿಂದೆ ಉಳಿಯಿತು. ಇಬ್ಬರೂ ಒಟ್ಟಿಗೇ ಕತ್ತು ತಿರುಗಿಸಿ ಅದು ಮರೆಯಾಗುವವರೆಗೂ ನೋಡಿದರು. ಆಮೇಲೆ ಇಬ್ಬರ ಕಣ್ಣೂ ಸೇರಿತು, ಸಮತಾಳಿಗೆ ನಗು ತಡೆಯಲಾಗಲಿಲ್ಲ.

ಹೀಗೆ ಶುರುವಾಯಿತು. ಅವನು ದಿನವೂ ಬರುತ್ತಿದ್ದ. ಇಬ್ಬರ ನಡುವೆ ಮಾತಿಲ್ಲ. ಮಾತಿಲ್ಲದೆ ಇಷ್ಟೊಂದು ಹೇಳಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವನು ಒಂದು ದಿನ ಕಡಲೆಕಾಯಿ ತಂದ. ಅವಳು ಒಂದು ದಿನ ಅಮ್ಮ ಮಾಡಿದ ಕೋಡುಬಳೆ ತಂದಳು. ಮೋಡ ಕವಿದ ಸಂಜೆಗಳಲ್ಲಿ ಕಿಟಕಿಯ ಗಾಜಿನಲ್ಲಿ ಇಬ್ಬರ ಮುಖವೂ ಒಂದರ ಪಕ್ಕ ಒಂದು ತೇಲಿ ಬರುತ್ತಿತ್ತು. ಗಾಜಿನಲ್ಲಿ ಅವನನ್ನು ಎಷ್ಟು ಹೊತ್ತು ನೋಡಿದರೂ ನೋಡಿದಂತಾಗುವುದಿಲ್ಲವಲ್ಲ ಎಂದು ಅವಳಿಗೆ ಖುಷಿ.

ಒಂದು ಸಂಜೆ ಅವಳಾಗಿಯೇ ಮೌನ ಮುರಿದಳು. ಕ್ಲಿನಿಕ್ಕಿನ ಆ ಪುಟ್ಟ ಕೋಣೆಯ ಬಗ್ಗೆ, ಅಪ್ಪನ ಬೆರಳಿನ ಬಗ್ಗೆ ಹೇಳಿದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಲೋಹಿತ್ ನಡುವೆ ಒಂದು ಮಾತೂ ಆಡದೆ ಕೇಳಿದ.

"ಅದಕ್ಕೇ ಅವತ್ತು ಅದು ನಾನಲ್ಲ ಅಂದಿದ್ದು," ಎಂದಳು ಕೊನೆಗೆ.

ಅವನು ಫಲಿತಾಂಶವನ್ನು ಇನ್ನೊಮ್ಮೆ ತೆಗೆದು ನೋಡುತ್ತೇನೆ ಎಂದ. ನೋಡಿಯೂ ನೋಡಿದ. ಮಾರನೆಯ ದಿನ ಮುಖ ಸಣ್ಣದು ಮಾಡಿಕೊಂಡು ಬಂದು, ಅಂಕಗಳು ಹಾಗೆಯೇ ಬರುತ್ತಿವೆ ಎಂದು ಹೇಳಿದ.

"ನೀವು ಯಾರನ್ನ ನಂಬ್ತೀರ? ನನ್ನನ್ನಾ, ಆ ಕಾಗದನಾ?"

ಲೋಹಿತ್ ತಡವರಿಸಿದ. "ಉತ್ತರ ಕೊಟ್ಟಿದ್ದೂ ನೀವೇ ಅಲ್ವಾ ಸಮತಾ..."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ನಿಜ, ಉತ್ತರ ಕೊಟ್ಟವಳು ನಾನೇ. ಹಾಗಾದರೆ ಇಷ್ಟು ವರ್ಷ ಒಳಗೊಬ್ಬಳು ಇದ್ದಾಳೆ ಅಂದುಕೊಂಡಿದ್ದೇ ಭ್ರಮೆಯಾ?

ಕಾಲೇಜಿನ ತರಗತಿಗಳು ಮುಗಿದವು. ಆದರೂ ಲೋಹಿತ್ ರೈಲಿಗೆ ಬಂದ. ಭದ್ರಾವತಿಯಲ್ಲಿ ಇಳಿದು, ಸ್ಟೇಷನ್ನಿನಲ್ಲಿ ಒಂದು ಕಾಫಿ ಕುಡಿದು, ಬಸ್ಸಿನಲ್ಲಿ ವಾಪಸ್ ಶಿವಮೊಗ್ಗಕ್ಕೆ ಹೋಗುತ್ತಿದ್ದ. ಇದು ಗೊತ್ತಾದ ದಿನ ಸಮತಾ ನೆಲದ ಮೇಲೆ ನಡೆಯಲಿಲ್ಲ. ಅಮ್ಮ ಜಲಜಮ್ಮ, ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದರೆ ಬೆಳ್ಳಕ್ಕಿ ಎಂದುಬಿಟ್ಟಳು.

*

ಅಷ್ಟರಲ್ಲಿ ದಾವಣಗೆರೆಯ ಶಾಖೆ ಸಿದ್ಧವಾಗಿತ್ತು. ರಾಮಚಂದ್ರಪ್ಪನವರು ಅವಳನ್ನು ಕರೆದು ಮ್ಯಾನೇಜರ್ ಹುದ್ದೆ ನಿನಗೇ ಎಂದರು. ಅಲ್ಲೇ ಮನೆ ಮಾಡಬೇಕು, ಮುಂದಿನ ತಿಂಗಳೇ ಹೊರಡಬೇಕು. ಲೋಹಿತ್ ಸಹಿ ಹಾಕಿದ ಶಿಫಾರಸನ್ನು ಹೆಮ್ಮೆಯಿಂದ ತೋರಿಸಿದರು. 'ಈ ಹುದ್ದೆಗೆ ಸಮತಾ ಅತ್ಯಂತ ಸೂಕ್ತ.' ಅದು ಮೊದಲ ವಾರವೇ ಬರೆದದ್ದು ಎಂದು ಅವಳಿಗೆ ಯಾರು ಹೇಳಬೇಕು? ಸಹಿಯೊಂದೇ ಕಣ್ಣಿಗೆ ಕಂಡಿತು.

ಇಡೀ ರೈಲಿನ ದಾರಿ ಅವಳು ಒಂದೇ ಒಂದನ್ನು ಬಯಸಿದಳು. ಅವನು ಹೋಗಬೇಡ ಎನ್ನಲಿ. ಇಲ್ಲವೇ ಹೋಗದಿರಲು ಒಂದು ಕಾರಣ ಕೊಡಲಿ.

ಭದ್ರಾವತಿಯ ಪ್ಲಾಟ್‌ಫಾರ್ಮಿನಲ್ಲಿ ವಿಷಯ ಹೇಳಿದಳು. ಲೋಹಿತನ ಮುಖ ಬಿಳಿಚಿತು. ಹೊರಡುತ್ತಿದ್ದ ರೈಲಿನ ಸದ್ದಿನ ನಡುವೆ ಅವನು ಏನೋ ಹೇಳಿದ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ.

"ನೀವಂದ್ರೆ ನಂಗೆ ಇಷ್ಟ."

ಖುಷಿಗೋ ಭಯಕ್ಕೋ ಅವಳ ದನಿ ಹಳೆಯ ಅಭ್ಯಾಸದಂತೆ ಆಕಾಶಕ್ಕೇರಿತು. "ಇಷ್ಟನಾ? ನಾನಾ? ಯಾಕೆ?"

ಬೆಂಚಿನ ಮೇಲಿದ್ದವರು, ಕಾಫಿ ಮಾರುವವನು, ಕೆಂಪು ಅಂಗಿಯ ಕೂಲಿಗಳು, ಎಲ್ಲ ತಿರುಗಿದರು. ಮೆಲುದನಿಯ ಹುಡುಗ ನಾಚಿಕೆಯಿಂದ ಭೂಮಿಗಿಳಿದುಹೋದ. ಯಾಕೆ ಎಂದರೆ ಏನು ಹೇಳುವುದು? ಜಡೆಗಾ, ಬೆಳ್ಳಕ್ಕಿಗಾ, ಅಪ್ಪನ ಬೆರಳಿನ ಕಥೆಗಾ? ಕಾರಣವಿಲ್ಲದೆ, ಲೆಕ್ಕವಿಲ್ಲದೆ, ತಾನಾಗಿಯೇ ಹುಟ್ಟಿದ್ದಕ್ಕೆ ಅವನಿಗೆ ಗೊತ್ತಿದ್ದದ್ದು ಒಂದೇ ಪದ.

"ಯಾಕೆ ಅಂದ್ರೆ... ಸುಮ್ನೆ."

"ಸುಮ್ನೆ ಅಂದಿದ್ದಾ?"

"ಹೂಂ. ಸುಮ್ನೆ."

ಅವಳು ಅವನನ್ನೇ ನೋಡಿದಳು. ಸುಮ್ನೆ ಅಂದಿದ್ದು. ತಮಾಷೆಗೆ. ರೈಲಿನಲ್ಲಿ ಹೊತ್ತು ಹೋಗಬೇಕಲ್ಲ, ಅದಕ್ಕೆ... ಒಂದು ಕೈಯಲ್ಲಿ ದಾವಣಗೆರೆಗೆ ಕಳಿಸುವ ಸಹಿ, ಬಾಯಲ್ಲಿ ಸುಮ್ಮನೆ ಒಂದು ಇಷ್ಟ!

ಅವಳು ಏನೂ ಹೇಳದೆ ಮೆಟ್ಟಿಲು ಹತ್ತಿ ಹೊರಟುಹೋದಳು. ಮರುದಿನ ರಾಮಚಂದ್ರಪ್ಪನವರಿಗೆ ಒಪ್ಪಿಗೆ ಹೇಳಿದಳು. ಅಂದಿನಿಂದ ರೈಲು ಬಿಟ್ಟು ಬಸ್ಸು ಹಿಡಿದಳು. ಬಸ್ಸಿನಲ್ಲಿ ಅಕ್ಕಪಕ್ಕದವರ ಮಾತಿಗೆಲ್ಲ ಜೋರಾಗಿ ಉತ್ತರಿಸಿದಳು, ಕಾಗದದಲ್ಲಿದ್ದವಳೇ ನಾನು ಎಂದು ತನಗೆ ತಾನೇ ಹಟ ಹಿಡಿದು. ಆದರೆ ಮನೆಗೆ ಬಂದ ಮೇಲೆ ಮಾತೇ ನಿಂತುಹೋಗುತ್ತಿತ್ತು. ಅಪ್ಪನೊಂದಿಗೂ ಕೂಗುತ್ತಿರಲಿಲ್ಲ. ಮಗಳ ಸದ್ದಿಲ್ಲದ ಮನೆಯಲ್ಲಿ ಕಾಂತರಾಜ್ ಪೇಪರ್ ಓದುವುದನ್ನು ಬಿಟ್ಟು ಆಗಾಗ ತಮ್ಮ ಕಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಲೋಹಿತ್ ದಿನವೂ ರೈಲಿನಲ್ಲಿ ಕಾದ. ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ನಾನಂದರೆ ಇಷ್ಟವಿಲ್ಲ ಅವಳಿಗೆ, ಅದನ್ನು ಹೇಳಲಾಗದೆ ದೂರ ಸರಿದಳು ಎಂದೇ ತಿಳಿದ.

*

ಭದ್ರಾವತಿಯ ಮಕ್ಕಳ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದಾಗ ಅವನಿಗೊಂದು ವಿಚಿತ್ರ ಕಂಡಿತು. ಕ್ಲಾಸಿನಲ್ಲಿ ಬಾಯಿಯೇ ಬಿಡದಿದ್ದ ಮಕ್ಕಳೂ ಬಹಿರ್ಮುಖಿಗಳಾಗಿ ಬರುತ್ತಿದ್ದರು. ಶಿವಮೊಗ್ಗದಲ್ಲಿ ಹೀಗಾಗಿರಲಿಲ್ಲ. ಒಂದೊಂದೇ ಪ್ರಶ್ನೆ ಬಿಡಿಸಿ ನೋಡಿದ. 'ಜನರ ನಡುವೆ ಸುಮ್ಮನೆ ಇರುವುದು ನಿಮಗೆ ಇಷ್ಟವೇ?' ಹೆಚ್ಚು ಕಡಿಮೆ ಎಲ್ಲರೂ ಇಲ್ಲ ಎಂದಿದ್ದರು. 'ಬಿಡುವಿನ ದಿನ ಸುಮ್ಮನೆ ಕೂರಲು ಬಯಸುತ್ತೀರಾ?' ಇಲ್ಲ. ಸುಮ್ಮನೆ ಅನ್ನುವ ಪದ ಬಂದಲ್ಲೆಲ್ಲ ಇಲ್ಲ.

ನ್ಯೂ ಟೌನಿನ ಅಮೂಲ್ಯ ಅನ್ನುವ ವಿದ್ಯಾರ್ಥಿನಿಗೆ ಫೋನ್ ಮಾಡಿ ಕೇಳಿದ. ತೀರಾ ಮೌನಿ ಹುಡುಗಿ ಅವಳು. ಸಂಕೋಚಪಡುತ್ತಲೇ ಹೇಳಿದಳು.

"ಸಾರ್, ನಮ್ ಕಡೆ ಸುಮ್ನೆ ಇದಾರೆ ಅಂದ್ರೆ ಕೆಲ್ಸ ಹೋಗಿ ಮನೇಲಿ ಕೂತಿದಾರೆ ಅಂತ. ಅದು ಇಷ್ಟ ಅಂತ ಯಾರ್ ಬರೀತಾರೆ?"

ಲೋಹಿತ್ ಫೋನ್ ಇಟ್ಟ.

ಅವನ ಅಜ್ಜಿ ಉಚ್ಚಂಗಮ್ಮ ದಿನವೂ ಬೆಳಗ್ಗೆ ತುಂಗೆಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಏನಜ್ಜಿ ಮಾಡ್ತಿದೀಯ ಎಂದರೆ ಸುಮ್ನೆ ಕೂತಿದೀನಿ ಮಾರಾಯ ಎನ್ನುತ್ತಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಇರುತ್ತಿದ್ದ ನೆಮ್ಮದಿಯೇ ಅವನ ಪಾಲಿಗೆ ಆ ಪದದ ಅರ್ಥ. ಅದೇ ಅರ್ಥವನ್ನು ಪ್ರಶ್ನೆಗೂ ಹಾಕಿದ್ದ. ಅದೇ ಪದ ಇಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಕಾಲೋನಿಯ ನೋವು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗುತ್ತಾ ಬಂದ ವರ್ಷಗಳಲ್ಲಿ ಎಷ್ಟು ಮನೆಗಳ ಗಂಡಸರು ಹಾಗೆ ಸುಮ್ಮನೆ ಕೂತರೋ...

ಸಮತಾ ಕೂಡ ಅಲ್ಲಿಯ ಹುಡುಗಿಯೇ ಅಲ್ಲವಾ!

ಹಾಗಾದರೆ ಅವಳು ಮೊದಲ ದಿನ ಹೇಳಿದ್ದೇ ಸರಿ. ಆ ಕಾಗದ ಅವಳಲ್ಲ. ಅದರ ಬೆನ್ನಿಗೇ ಇನ್ನೊಂದು ನೆನಪು ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿತು. ಪ್ಲಾಟ್‌ಫಾರ್ಮು. ಯಾಕೆ ಎಂದಿದ್ದಳು. ಸುಮ್ನೆ ಎಂದಿದ್ದ.

"ಅಯ್ಯೋ ದೇವರೇ," ಎಂದ ಲೋಹಿತ್, ಖಾಲಿ ಕೋಣೆಯಲ್ಲಿ.

*

ಭಾನುವಾರದ ಬೆಳಗು. ನ್ಯೂ ಟೌನಿನ ಮರಗಳ ಸಾಲಿನ ಕೆಳಗೆ ಬಿಸಿಲು ಚೂರು ಚೂರಾಗಿ ಬಿದ್ದಿತ್ತು. ಕಾಂತರಾಜ್ ಗೇಟಿನ ಬಳಿ ದಾಸವಾಳದ ಗಿಡಕ್ಕೆ ನೀರು ಹಾಕುತ್ತಿದ್ದರು. ಬಂದು ನಿಂತ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

ಅವನು ಹೆಸರು ಹೇಳಿದ.

"ಲೋನಾ? ಲೋನ್ ಬೇಡ ಕಣಪ್ಪ ನಮ್ಗೆ."

ಅವನು ಇನ್ನೊಮ್ಮೆ ಹೇಳಿದ. ಸಮತಾ ಅವರ ಹತ್ತಿರ ಒಂದು ಮಾತಾಡಬೇಕು ಎಂದ. ಅವರು ಕಿವಿಗೆ ಕೈ ಹಿಡಿದು, ಜೋರಾಗಿ ಹೇಳು ಎಂದರು. ಅವನು ದನಿ ಏರಿಸಿದ. ಏನು ಮಾತು ಎಂದು ಕೇಳಿದರು. ಅವನು ಹೇಳಿದ. ಕೇಳಿಸಲಿಲ್ಲ ಎಂದು ತಲೆಯಾಡಿಸಿದರು.

ಲೋಹಿತ್ ಹುಟ್ಟಿದ ಮೇಲೆ ಯಾರ ಮೇಲೂ ದನಿ ಎತ್ತಿದವನಲ್ಲ. ಕಣ್ಣು ಮುಚ್ಚಿ, ಗೇಟನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಗೂಡಿಸಿ ಕೂಗಿದ.

"ಸಮತಾ ಅಂದ್ರೆ ನಂಗೆ ಇಷ್ಟ. ಅವತ್ತು ತಮಾಷೆಗೆ ಹೇಳಿದ್ದಲ್ಲ. ನಿಜವಾಗ್ಲೂ ಇಷ್ಟ."

ಎದುರು ಮನೆಯಲ್ಲಿ ಕಸ ಗುಡಿಸುತ್ತಿದ್ದ ಪೊರಕೆ ನಿಂತಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಕಾಲೂರಿದರು. ಜಲಜಮ್ಮ ಸೌಟು ಹಿಡಿದೇ ಹೊರಗೆ ಬಂದರು. ಅವರ ಹಿಂದೆ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು ಸಮತಾ.

ಕಾಂತರಾಜ್ ನಿಧಾನವಾಗಿ ಪೈಪ್ ಕೆಳಗಿಟ್ಟರು. ಕೂದಲು ಸರಿಸಿ ಕಿವಿಯ ಹಿಂದೆ ತೋರಿಸಿದರು. ಡಬ್ಬಿಯಲ್ಲಿದ್ದ ಶ್ರವಣಯಂತ್ರ ಅಲ್ಲಿತ್ತು.

"ಮೊದಲ್ನೇ ಸಲಾನೇ ಕೇಳಿಸ್ತು ಕಣಪ್ಪ. ಜೋರಾಗಿ ಹೇಳು ಅಂದಿದ್ದು ಸುಮ್ನೆ."

ಮಗಳ ಕಡೆ ತಿರುಗಿದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ನೀನು ಮಾತು ಬಿಟ್ಟೆಯೋ, ನನ್ನ ಕಿವಿ ಪೂರ್ತಿ ಹೋಯ್ತೋ ಗೊತ್ತಾಗ್ಲಿಲ್ಲ ಮಗಾ. ಅದಕ್ಕೇ ಹಾಕ್ಕೊಂಡೆ. ಹಾಕ್ಕೊಂಡ್ರೆ, ನೀನು ಬಚ್ಚಲಲ್ಲಿ ಅಳೋದು ಕೇಳಿಸ್ತು."

ಸಮತಾ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪಾ ಎಂದಳು. ಎಷ್ಟೋ ವರ್ಷಗಳ ಮೇಲೆ, ತೀರಾ ಮೆಲ್ಲಗೆ. ಪೈಪ್ ಎತ್ತಲು ಬಾಗಿದ್ದ ಕಾಂತರಾಜ್ ತಿರುಗಿ ನೋಡಿ ಹೂಂ ಎಂದರು.

ಜಲಜಮ್ಮ, ಬೀದಿಗೆಲ್ಲ ಪುಕ್ಕಟೆ ನಾಟಕ ಸಾಕು, ಹುಡುಗನನ್ನು ಒಳಗೆ ಕರೀರಿ ಎಂದು ಗಂಡನನ್ನು ಎಳೆದುಕೊಂಡು ಹೋಗಿ ಅಡುಗೆಮನೆಯ ಕಿಟಕಿಯನ್ನು ಮಾತ್ರ ಸ್ವಲ್ಪ ತೆರೆದಿಟ್ಟರು.

ಜಗಲಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಲೋಹಿತ್ ಎಲ್ಲವನ್ನೂ ಹೇಳಿದ. ಪ್ರಶ್ನೆಯ ಪದ, ಅಮೂಲ್ಯಳ ಮಾತು, ತುಂಗೆಯ ಮೆಟ್ಟಿಲಲ್ಲಿ ಕೂರುವ ಅಜ್ಜಿ. ಶಿಫಾರಸು ಬರೆದದ್ದು ಅವಳು ಯಾರೆಂದು ತಿಳಿಯುವ ಮೊದಲು ಎಂದೂ ಹೇಳಿದ. ತಪ್ಪು ಪ್ರಶ್ನೆ ಕೇಳಿದ್ದು ನಾನು, ಆದರೂ ನಿಮ್ಮ ಮಾತನ್ನೇ ಅನುಮಾನಿಸಿದೆ ಎಂದು ಕ್ಷಮೆ ಕೇಳಿದ.

ಸಮತಾಳಿಗೆ ಅಪ್ಪ ಕಾರ್ಖಾನೆ ಬಿಟ್ಟು ಮನೆಯಲ್ಲಿ ಕೂತ ಆ ವರ್ಷ ನೆನಪಾಯಿತು. ನಿಮ್ಮಪ್ಪ ಏನು ಮಾಡ್ತಾರೆ ಎಂದು ಶಾಲೆಯಲ್ಲಿ ಕೇಳಿದಾಗ ಪಕ್ಕದ ಹುಡುಗಿ, ಸುಮ್ನೆ ಇದಾರೆ ಮಿಸ್ ಎಂದಿದ್ದಳು. ಲೋಹಿತನ ಪರೀಕ್ಷೆಯಲ್ಲಿ ಪೆನ್ನು ಹಿಡಿದು 'ಇಲ್ಲ' ಎಂದು ಗುರುತು ಹಾಕಿದವಳು ಅವಳೊಳಗಿನ ಆ ಶಾಲೆಯ ಹುಡುಗಿ.

"ನಾನು ಮೊದಲ್ನೇ ದಿನಾನೇ ಹೇಳಿದ್ದೆ," ಎಂದಳು.

"ಹೇಳಿದ್ರಿ. ಬಾಗಿಲು ಅಲ್ಲಾಡೋ ಹಾಗೆ ಹೇಳಿದ್ರಿ."

ಅವಳಿಗೆ ನಗು ಬಂತು, ಅದರ ಜೊತೆ ಕಣ್ಣೀರೂ ಬಂತು.

"ಆ ಪ್ರಶ್ನೆ ಇನ್ನೊಂದ್ಸಲ ಕೇಳ್ಲಾ?" ಎಂದ ಲೋಹಿತ್. "ಜನರ ಮಧ್ಯೆ ಮಾತಿಲ್ದೆ, ನೆಮ್ಮದಿಯಾಗಿ, ಸುಮ್ನೆ ಇರೋಕೆ ನಿಮ್ಗೆ ಇಷ್ಟನಾ?"

ಅವಳು ದಾಸವಾಳದ ಗಿಡದಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತಾ ಕೂತಳು. ಉತ್ತರ ಅಷ್ಟು ಮೆಲ್ಲಗೆ ಬಂತೆಂದರೆ ಅವನು ಬಾಗಿ ಕೇಳಿಸಿಕೊಳ್ಳಬೇಕಾಯಿತು.

"ಇಷ್ಟ. ಜೊತೆಗೆ ನೀವಿದ್ರೆ ಇನ್ನೂ ಇಷ್ಟ."

*

ಸೋಮವಾರ ಅವಳು ರಾಮಚಂದ್ರಪ್ಪನವರ ಮುಂದೆ ನಿಂತು, ದಾವಣಗೆರೆ ನನಗೆ ಬೇಡ ಎಂದು ಮೆಲುದನಿಯಲ್ಲಿ ಹೇಳಿದಳು. ಅವರು ಗಂಟಲು ಕೆಟ್ಟಿದೆಯಾ, ಬಿಸಿನೀರು ಕುಡಿ ಎಂದರು. ಗಂಟಲು ಚೆನ್ನಾಗಿದೆ, ಇದೇ ನನ್ನ ದನಿ ಎಂದಳು. ಲೋಹಿತ್ ಅದಾಗಲೇ ತನ್ನ ತಪ್ಪನ್ನು ಬರೆದುಕೊಟ್ಟಿದ್ದ. ಇದಕ್ಕಿಂತ ಜಾತಕವೇ ವಾಸಿಯಿತ್ತು ಎಂದು ಗೊಣಗಿದರು ಅವರು. ವೀಣಾ ದಾವಣಗೆರೆಗೆ ಹೊರಟಳು, ಕುಣಿಯುತ್ತಾ. ಸಮತಾ ಬೆಳಗಿನ ಹೊತ್ತು ಕ್ಲಿನಿಕ್ಕಿನಲ್ಲಿ ಕಲಿಯಲು, ಮಧ್ಯಾಹ್ನ ಶೋರೂಮಿನಲ್ಲಿ ದುಡಿಯಲು ಶುರು ಮಾಡಿದಳು. ಕೋರ್ಸಿಗೆ ಅರ್ಜಿ ಹಾಕಿದಳು. ಅಲ್ಲಿಗೆ ಬರುವ ಅಜ್ಜಂದಿರಿಗೆ ಜೋರಾಗಿ ಹೇಳಬೇಕಾದಾಗ ಅವಳ ಹಳೆಯ ಗಂಟಲೇ ನೆರವಿಗೆ ಬಂತು. ಆಮೇಲೆ ಬಾಗಿಲು ಮುಚ್ಚಿದರೆ ಆ ಪುಟ್ಟ ಕೋಣೆಯ ಮೌನ. ಎರಡೂ ನಾನೇ ಎಂದುಕೊಂಡಳು. ಕಾಗದದಲ್ಲಿ ಹಿಡಿಸುವಷ್ಟು ಚಿಕ್ಕವಳಲ್ಲ ನಾನು.

ಕ್ಲಿನಿಕ್ಕಿನ ಮೊದಲ ದಿನದ ಸಂಜೆ ರೈಲಿನಲ್ಲಿ ಲೋಹಿತ್ ಈ ಸಲ ಎದುರಿಗಲ್ಲ, ಪಕ್ಕದಲ್ಲಿ ಕೂತ. ಹೊಂಬಣ್ಣದ ಬೆಳಕು ಗದ್ದೆಯ ಮೇಲೆ ಓಡುತ್ತಿತ್ತು. ಅವನು ತುಂಗೆಯೂ ಭದ್ರೆಯೂ ಎಂದು ಏನೋ ಶುರು ಮಾಡಿದ.

"ಎರಡೂ ನದಿ ಸೇರೋ ಆ ಕೂಡ್ಲಿ ವಿಷ್ಯ ಎತ್ತಿದ್ರೆ ಬೇರೆ ಬೋಗಿಗೆ ಹೋಗ್ತೀನಿ," ಎಂದಳು ಸಮತಾ. "ಈ ಎರಡು ಊರಿನ ಹುಡುಗ ಹುಡುಗಿಗೆ ಎಲ್ರೂ ಅದನ್ನೇ ಹೇಳೋದು."

ಅವನು ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅವಳ ತಲೆ ಮೆಲ್ಲಗೆ ಅವನ ಹೆಗಲಿಗೆ ಒರಗಿತು. ಅವನು ಉಸಿರು ಬಿಗಿಹಿಡಿದ.

"ಏನು?" ಎಂದು ಕೇಳಿದ, ಕೇಳಿಸಿತೋ ಇಲ್ಲವೋ ಎನ್ನುವಂತೆ.

"ಸುಮ್ನೆ," ಎಂದಳು.

"ಯಾವ ಸುಮ್ನೆ?"

ಸಮತಾ ಕಣ್ಣು ಮುಚ್ಚಿದಳು. ಅವನ ಎದೆ ಬಡಿತ ಅವಳ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನಿಮ್ಮಜ್ಜೀದು," ಎಂದಳು.